ಹಕ್ಕಿಗಳಿಗೊಂದು ಶೇಂಗಾ ಉಂಡೆ

ಬಕ್ರೀದ್‌ನ ಮರುದಿನ ನಿಮ್ಮ ಅಡುಗೆಮನೆಯಲ್ಲಿ ಏನು ಉಳಿದಿರುತ್ತದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ಮಾಂಸ ಹಂಚಿ ಆಗಿರುತ್ತದೆ. ತಲೆ, ಕಾಲು ಸುಟ್ಟು ತೊಳೆದು ಇಟ್ಟಿರುತ್ತೀರಿ. ಖೀಮಾ ಫ್ರಿಜ್ ಸೇರಿರುತ್ತದೆ. ಕೊನೆಗೆ ಉಳಿಯುವುದು ಚರ್ಬಿ. ಅದರಲ್ಲೂ ಗುರ್ದಾದ ಸುತ್ತ ಮೇಣದಂತೆ ಬೆಳ್ಳಗೆ ಅಂಟಿಕೊಂಡಿರುವ ಗಟ್ಟಿ ಚರ್ಬಿ. ಮನೆಯಲ್ಲಿ ಬಿ.ಪಿ., ಶುಗರ್ ಇರುವವರು ಅದರ ಹತ್ತಿರ ಸುಳಿಯುವಂತಿಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಬೀದಿನಾಯಿಯ ಪಾಲಾಗುತ್ತದೆ, ಇಲ್ಲವೇ ಚರಂಡಿ ಸೇರಿ ಅದನ್ನು ಕಟ್ಟಿಸುತ್ತದೆ.

ಇಂಗ್ಲೆಂಡಿನಂತಹ ಚಳಿ ದೇಶಗಳಲ್ಲಿ ಇದೇ ಚರ್ಬಿಯನ್ನು ಕಾಳಿನೊಂದಿಗೆ ಬೆರೆಸಿ ಉಂಡೆ ಕಟ್ಟಿ, ಅಂಗಳದ ಹಕ್ಕಿಗಳಿಗೆಂದು ಅಂಗಡಿಯಲ್ಲಿ ಮಾರುತ್ತಾರೆ. ಅನೇಕ ಗೃಹಿಣಿಯರು ಮನೆಯಲ್ಲೇ ಮಾಡುತ್ತಾರೆ. ಅಲ್ಲಿ ಅದಕ್ಕೆ ಬಲವಾದ ಕಾರಣವಿದೆ. ಹತ್ತು ಹನ್ನೊಂದು ಗ್ರಾಂ ತೂಗುವ ಒಂದು ಪುಟ್ಟ ಹಕ್ಕಿ ಹಿಮ ಬೀಳುವ ಉದ್ದನೆಯ ರಾತ್ರಿಯನ್ನು ಮೈಯಲ್ಲಿರುವ ಕೊಬ್ಬನ್ನು ಉರಿಸಿಯೇ ಕಳೆಯಬೇಕು. ಬೆಳಿಗ್ಗೆ ಏಳುವಾಗ ಆ ಉಗ್ರಾಣ ಬಹುತೇಕ ಖಾಲಿ. ನೆಲವೆಲ್ಲ ಹೆಪ್ಪುಗಟ್ಟಿರುವಾಗ ಹುಳುವೂ ಸಿಗದು, ಕಾಳೂ ಸಿಗದು. ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕ್ಯಾಲೊರಿ ಶಕ್ತಿ ದೊರೆತರೆ, ಅಷ್ಟೇ ತೂಕದ ಹಿಟ್ಟಿನಂಶದಿಂದ ಸಿಗುವುದು ಸುಮಾರು 4 ಮಾತ್ರ. 1890-91ರ ಭೀಕರ ಚಳಿಗಾಲದಲ್ಲಿ ಬ್ರಿಟನ್ನಿನ ಪತ್ರಿಕೆಗಳು ಹಕ್ಕಿಗಳಿಗೆ ಆಹಾರ ಇಡಿರೆಂದು ಜನರನ್ನು ಕೇಳಿಕೊಂಡಿದ್ದವು. ಅಲ್ಲಿಂದ ಅದು ಅವರ ಮನೆಮನೆಯ ರೂಢಿಯಾಯಿತು.

ಗದಗ-ಬೆಟಗೇರಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿ-ಮುಂಡರಗಿಯಲ್ಲಿ ಹಿಮ ಬೀಳುವುದಿಲ್ಲವಲ್ಲ, ನಮಗೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ನಮ್ಮ ಗುಬ್ಬಿ, ಗೊರವಂಕ, ಬುಲ್‌ಬುಲ್‌ಗಳು ಚರ್ಬಿಯಿಲ್ಲದೆ ಸಾಯುವುದಿಲ್ಲ. ಆದರೆ ಈಗ ಅನೇಕರು ಇಂಟರ್‌ನೆಟ್ಟಿನಲ್ಲಿ ಚಳಿ ದೇಶದ ವಿಧಾನವನ್ನು ನೋಡಿ ಹಾಗೆಯೇ ಮಾಡಲು ಹೊರಡುತ್ತಾರೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಆ ಉಂಡೆಯೇ ನಮ್ಮ ಬಿಸಿಲಿನಲ್ಲಿ ಹಕ್ಕಿಯ ಪ್ರಾಣಕ್ಕೆ ಎರವಾಗಬಲ್ಲದು.

ಕರಗಿದ ಕೊಬ್ಬು ಏನು ಮಾಡುತ್ತದೆ?

ಕುರಿಯ ಚರ್ಬಿ ಪೂರ್ತಿ ಕರಗಲು ಸುಮಾರು 45 ಡಿಗ್ರಿ ಶಾಖ ಬೇಕು. ಮೆದುವಾಗುವುದು ಅದಕ್ಕೂ ಬಹಳ ಮೊದಲೇ. ನಮ್ಮಲ್ಲಿ ಏಪ್ರಿಲ್ ತಿಂಗಳ ನೆರಳೇ 38-40ಕ್ಕೆ ಹೋಗುತ್ತದೆ. ಬಿಸಿಲು ಬಡಿಯುವ ಗೋಡೆಯ ಮೇಲೆ, ತಗಡಿನ ಮೇಲೆ ಎಷ್ಟಿರುತ್ತದೆಂದು ಮಾಳಿಗೆಯ ಮೇಲೆ ಹಪ್ಪಳ-ಸಂಡಿಗೆ ಒಣಗಿಸುವ ನಿಮಗೆ ಹೇಳಬೇಕಾಗಿಲ್ಲ. ಡಾಲ್ಡಾ, ಬೆಣ್ಣೆ ಇನ್ನೂ ಬೇಗ ನೀರಾಗುತ್ತವೆ. ಕೊಬ್ಬರಿ ಎಣ್ಣೆಯಂತೂ 24 ಡಿಗ್ರಿಗೇ ಕರಗುತ್ತದೆ.

ಜಿಡ್ಡು ಹಕ್ಕಿಯ ಗರಿಗೆ ಮೆತ್ತಿದರೆ ಗರಿಯ ಎಳೆಗಳು ಒಂದಕ್ಕೊಂದು ಅಂಟಿಕೊಂಡು, ನೀರನ್ನು ತಡೆಯುವ, ಮೈಯ ಶಾಖವನ್ನು ಕಾಯುವ ಅವುಗಳ ಗುಣ ಕೆಡುತ್ತದೆ. ಎದೆಯ ಗರಿಗೆ ಎಣ್ಣೆ ಹತ್ತಿದ ತಾಯಿಹಕ್ಕಿ ಗೂಡಿಗೆ ಹೋಗಿ ಮೊಟ್ಟೆಯ ಮೇಲೆ ಕುಳಿತರೆ ಆ ಎಣ್ಣೆ ಮೊಟ್ಟೆಗೂ ತಗಲುತ್ತದೆ. ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಒಳಗಿನ ಮರಿ ಉಸಿರಾಡುವುದು ಅವುಗಳ ಮೂಲಕ. ಎಣ್ಣೆ ಹತ್ತಿದರೆ ಅದು ಒಳಗೇ ಸಾಯಬಹುದು.

ಇನ್ನೊಂದು ಮಾತು. ಬಿರಿಯಾನಿಯ ತಳದಲ್ಲಿ ಉಳಿದ ತುಪ್ಪ, ಕೊರ್ಮಾದ ಮೇಲೆ ತೇಲಿದ ಎಣ್ಣೆ, ಬಜಿ ಕರಿದ ಎಣ್ಣೆ ಇವುಗಳನ್ನು ಹಕ್ಕಿಗಳ ಆಹಾರಕ್ಕೆ ಖಂಡಿತ ಬಳಸಬೇಡಿ. ಅವುಗಳಲ್ಲಿ ಉಪ್ಪು ಮಸಾಲೆಗಳಿರುತ್ತವೆ, ಮಾಂಸದ ರಸ ಬೆರೆತಿದ್ದರೆ ಬೇಗ ಹಳಸುತ್ತದೆ. ಗುಬ್ಬಿಯ ತೂಕ 25 ಗ್ರಾಂ ಆಸುಪಾಸು. ನಮಗೆ ಚಿಟಿಕೆಯಾದ ಉಪ್ಪು ಅದಕ್ಕೆ ವಿಷವಾಗಬಹುದು.

ನಮ್ಮ ನೆಲದ ಕೊಬ್ಬು

ಹಾಗಾದರೆ ನಮ್ಮಲ್ಲಿ ಕೊಬ್ಬಿನ ಆಹಾರ ಕೊಡುವ ದಾರಿಯೇ ಇಲ್ಲವೇ? ಇದೆ, ಅದೂ ನಮ್ಮ ಹೊಲದಲ್ಲೇ ಇದೆ. ಶೇಂಗಾ ಬೀಜದ ತೂಕದ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ. ಆ ಎಣ್ಣೆ ಕಾಳಿನೊಳಗೆ ಹಿಡಿದುಕೊಂಡಿರುವುದರಿಂದ ಚರ್ಬಿಯಂತೆ ಕರಗಿ ಸುರಿಯುವುದಿಲ್ಲ. ಶೇಂಗಾ ಬೆಳೆಯುವ, ಗಾಣದಲ್ಲಿ ಎಣ್ಣೆ ತೆಗೆಯುವ ಗದಗ ಸೀಮೆಯವರಿಗೆ ಪರದೇಶದ ಉಂಡೆಯ ಹಂಗೇಕೆ?

ಒಂದು ಬಟ್ಟಲು ಹಸಿ ಶೇಂಗಾ ಬೀಜ ತೆಗೆದುಕೊಳ್ಳಿ. ಹುರಿಯುವ ಅಗತ್ಯವಿಲ್ಲ. ಉಪ್ಪು ಹಚ್ಚಿದ, ಖಾರ ಹಚ್ಚಿದ ಶೇಂಗಾ ಬೇಡವೇ ಬೇಡ. ಒರಳಲ್ಲಿ ಅಥವಾ ಮಿಕ್ಸರ್‌ನಲ್ಲಿ ಎಣ್ಣೆ ಬಿಟ್ಟು ಮುದ್ದೆಯಾಗುವವರೆಗೆ ಕುಟ್ಟಿ. ಇದಕ್ಕೆ ಒಂದು ಬಟ್ಟಲು ಜೋಳದ ಹಿಟ್ಟು ಅಥವಾ ಸಜ್ಜೆ ಹಿಟ್ಟು, ಎರಡು ಹಿಡಿ ನವಣೆ, ಒಂದು ಹಿಡಿ ಗುರೆಳ್ಳು ಸೇರಿಸಿ ಕೈಯಿಂದ ನಾದಿ. ನಿನ್ನೆಯ ಕಡಕ ರೊಟ್ಟಿ ಉಳಿದಿದ್ದರೆ ಅದನ್ನೂ ಪುಡಿ ಮಾಡಿ ಹಾಕಬಹುದು. ನೀರು ಹಾಕಬೇಡಿ, ನೀರು ಬಿದ್ದರೆ ಸಂಜೆಯೊಳಗೆ ಹುಳಿಯುತ್ತದೆ. ಉಂಡೆ ನಿಲ್ಲದಿದ್ದರೆ ಇನ್ನಷ್ಟು ಶೇಂಗಾ ಕುಟ್ಟಿ ಬೆರೆಸಿ. ಹಿಟ್ಟು ಬೆರೆಸದ ಬರೀ ಶೇಂಗಾ ಮುದ್ದೆ ಕೊಕ್ಕಿಗೆ ಅಂಟುತ್ತದೆ, ಆದ್ದರಿಂದ ಹಿಟ್ಟಿನ ಪಾಲು ಕಡಿಮೆಯಾಗದಿರಲಿ. ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಬೇವಿನ ಮರದ ತೊಗಟೆಯ ಸಂದಿಗೆ ಒತ್ತಿ ಅಥವಾ ತೆಂಗಿನ ಚಿಪ್ಪಿನಲ್ಲಿ ಹಾಕಿ ತೂಗುಹಾಕಿ.

ಗುರೆಳ್ಳಿನ ಬಗ್ಗೆ ಒಂದು ಸ್ವಾರಸ್ಯ ಹೇಳಬೇಕು. ನಾವು ಚಟ್ನಿಪುಡಿ ಮಾಡಿ ರೊಟ್ಟಿಯೊಡನೆ ತಿನ್ನುವ ಈ ಕರಿ ಕಾಳು ಭಾರತ, ಇಥಿಯೋಪಿಯಾಗಳಿಂದ ಅಮೆರಿಕಕ್ಕೆ ಹೋಗುವುದು ಅಲ್ಲಿನ ಜನರಿಗಾಗಿ ಅಲ್ಲ, ಹಕ್ಕಿಗಳಿಗಾಗಿ! ಅಲ್ಲಿ ಹೊಲಗಳಲ್ಲಿ ಕಳೆ ಹಬ್ಬದಿರಲಿ ಎಂದು ಕಾಳನ್ನು ಬಿಸಿ ಮಾಡಿದ ಮೇಲೆಯೇ ಮಾರಾಟಕ್ಕೆ ಬಿಡುತ್ತಾರೆ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವುದಕ್ಕೆ ಅಲ್ಲಿ ಎಷ್ಟೊಂದು ಬೆಲೆ ನೋಡಿ.

ಬೂಷ್ಟು ಹಿಡಿದ ಶೇಂಗಾ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ದಯವಿಟ್ಟು ಇದನ್ನು ಮನೆಯ ಹಿರಿಯರಿಗೂ ಓದಿ ಹೇಳಿ.

ಒಕ್ಕಣೆಯ ಸಮಯದಲ್ಲಿ ಮಳೆ ಬಂದು ಶೇಂಗಾ ನೆನೆದರೆ, ಅಥವಾ ಸರಿಯಾಗಿ ಒಣಗದೆ ಚೀಲ ಸೇರಿದರೆ, ಕಾಳಿನ ಮೇಲೆ ಹಸಿರು-ಹಳದಿ ಬೂಷ್ಟು ಬರುತ್ತದೆ. ಇಂತಹ ಕಾಳನ್ನು ಆರಿಸಿ ಪಕ್ಕಕ್ಕಿಟ್ಟ ಅತ್ತೆ "ಚೆಲ್ಲಬ್ಯಾಡವಾ, ಹಕ್ಕಿಗರ ಹಾಕು, ತಿಂತಾವ" ಎನ್ನುವುದುಂಟು. ಅವರ ಉದ್ದೇಶ ಒಳ್ಳೆಯದೇ, ಅನ್ನ ದಂಡವಾಗಬಾರದೆಂಬುದು. ಆದರೆ ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಈ ವಿಷ ಜಗತ್ತಿಗೆ ಗೊತ್ತಾದದ್ದೇ ಹಕ್ಕಿಗಳ ಸಾವಿನಿಂದ. 1960ರಲ್ಲಿ ಇಂಗ್ಲೆಂಡಿನ ಫಾರ್ಮ್‌ಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣವೇ ತಿಳಿಯದೆ ಸತ್ತವು. ರೋಗಕ್ಕೆ ಹೆಸರೂ ಇರಲಿಲ್ಲ. 'ಟರ್ಕಿ ಎಕ್ಸ್' ಎಂದು ಕರೆದರು. ಹುಡುಕುತ್ತಾ ಹೋದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಸಿಕ್ಕಿತು. ವಿಷದ ಹೆಸರು ಹುಟ್ಟಿದ್ದೂ ಆ ಬೂಷ್ಟಿನ ಹೆಸರಿನಿಂದಲೇ.

ಹುರಿದರೆ, ಬೇಯಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಮನುಷ್ಯರ ಯಕೃತ್ತಿಗೂ ಇದು ಕ್ಯಾನ್ಸರ್ ತರಬಲ್ಲದು. ಆದ್ದರಿಂದ ಬೂಷ್ಟು ಹಿಡಿದ, ಮುರುಟಿದ, ಕಹಿ ರುಚಿಯ ಶೇಂಗಾ ನಿಮ್ಮ ಮಗುವಿಗೂ ಬೇಡ, ಮನೆಯ ಕೋಳಿಗೂ ಬೇಡ, ಗುಬ್ಬಿಗೂ ಬೇಡ. ತಿಪ್ಪೆಗೂ ಹಾಕಬೇಡಿ, ಅಲ್ಲಿಯೂ ಹಕ್ಕಿಗಳು ಕೆದಕುತ್ತವೆ. ಹೂತುಬಿಡಿ.

ಚರ್ಬಿಯನ್ನೇ ಬಳಸುವುದಾದರೆ

ನವೆಂಬರ್ ಕೊನೆಯಿಂದ ಜನವರಿಯವರೆಗೆ, ರಾತ್ರಿ ಚಳಿ ಇರುವಾಗ ಮಾತ್ರ ಚರ್ಬಿಯ ಉಂಡೆ ಮಾಡಬಹುದು. 2007ರಲ್ಲಿ ಬಕ್ರೀದ್ ವರ್ಷದ ಮೊದಲ ದಿನವೂ ಬಂತು, ಡಿಸೆಂಬರ್‌ನಲ್ಲಿ ಮತ್ತೊಮ್ಮೆಯೂ ಬಂತು. ಆಗಿನ ಚರ್ಬಿ ನೇರವಾಗಿ ಚಳಿಗಾಲಕ್ಕೇ ಒದಗುತ್ತಿತ್ತು. ಈಗ ಹಬ್ಬ ಮೇ-ಜೂನ್‌ಗೆ ಬರುತ್ತಿರುವುದರಿಂದ ಕರಗಿಸಿ ಸೋಸಿ ಫ್ರೀಜರ್‌ನಲ್ಲಿಡಬೇಕು, ಅಥವಾ ಚಳಿಗಾಲದಲ್ಲಿ ಮಟನ್ ಅಂಗಡಿಯಲ್ಲಿ ಕೇಳಿದರೆ ಪಾವು ಕಿಲೋ ಅಗ್ಗಕ್ಕೇ ಸಿಗುತ್ತದೆ.

ಗುರ್ದಾದ ಚರ್ಬಿಯನ್ನು ಸಣ್ಣಗೆ ಹೆಚ್ಚಿ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ. ಹೊಗೆಯಾಡಲು ಬಿಡಬೇಡಿ. ಬಟ್ಟೆಯಲ್ಲಿ ಸೋಸಿ ಆರಲು ಬಿಡಿ, ಗಟ್ಟಿಯಾದ ಮೇಲೆ ಮತ್ತೊಮ್ಮೆ ಕರಗಿಸಿ ಸೋಸಿ. ಎರಡು ಸಲ ಸೋಸಿದ ಚರ್ಬಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಪಾಲು ಚರ್ಬಿಗೆ ಎರಡು ಪಾಲು ಜೋಳದ ನುಚ್ಚು, ಸಜ್ಜೆ, ನವಣೆ, ಒಡೆದ ಶೇಂಗಾ ಬೆರೆಸಿ ತೆಂಗಿನ ಚಿಪ್ಪಿಗೆ ಒತ್ತಿ ತುಂಬಿ ಆರಿಸಿ. ಬೆಳಗಿನ ನೆರಳಿನಲ್ಲಿ ತೂಗುಹಾಕಿ, ಬಿಸಿಲೇರುವ ಮೊದಲು ಒಳಗೆ ತನ್ನಿ. ಕಮಟು ವಾಸನೆ ಬಂದರೆ ಎಸೆದುಬಿಡಿ. ಫೆಬ್ರವರಿ ಬಂತೆಂದರೆ ಚಿಪ್ಪು ಒಳಗಿಡಿ.

ಯಾರು ಬರುತ್ತಾರೆ? ನಿಜ ಹೇಳಬೇಕೆಂದರೆ ಮೊದಲು ಬರುವುದು ಕಾಗೆ ಮತ್ತು ಅಳಿಲು. ಆಮೇಲೆ ಗೊರವಂಕ, ಗುಂಪುಗುಂಪಾಗಿ ಹರಟೆಮಲ್ಲಗಳು, ಒಮ್ಮೊಮ್ಮೆ ಬುಲ್‌ಬುಲ್. ಗುಬ್ಬಿಗಳು ಕೆಳಗೆ ಉದುರಿದ ನುಚ್ಚನ್ನು ಹೆಕ್ಕುತ್ತವೆ. ಮೊದಲ ವಾರ ಯಾರೂ ಬರದಿರಬಹುದು. "ಅಮ್ಮೀ, ಇವತ್ತೂ ಯಾಕ ಬರಲಿಲ್ಲ?" ಎಂದು ಮಕ್ಕಳು ಕೇಳಿಯಾರು, ಜಾಗ ಬದಲಿಸದೆ ದಿನವೂ ಅದೇ ಹೊತ್ತಿಗೆ ಇಡಿ. ಬೆಕ್ಕು ಹಾರಿ ಹಿಡಿಯದಷ್ಟು ಎತ್ತರವಿರಲಿ. ಗಿಡದ ಮರೆ ಹತ್ತಿರವಿರಲಿ, ಆದರೆ ಬೆಕ್ಕು ಅವಿತುಕೊಳ್ಳುವಷ್ಟು ಹತ್ತಿರ ಬೇಡ. ಮರಿ ಮಾಡುವ ಕಾಲದಲ್ಲಿ ಇಡೀ ಶೇಂಗಾ ಬೀಜ ಇಡಬೇಡಿ, ತಾಯಿ ಕೊಂಡೊಯ್ದು ತಿನ್ನಿಸಿದರೆ ಮರಿಯ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಗುಬ್ಬಿಮರಿಗೆ ಮೊದಲ ದಿನಗಳಲ್ಲಿ ಬೇಕಾದದ್ದು ಹುಳುಗಳು. ಹಿತ್ತಿಲ ಬದನೆ, ಮೆಣಸಿನ ಗಿಡಕ್ಕೆ ಔಷಧಿ ಹೊಡೆಯದಿದ್ದರೆ ಅದೇ ಅದರ ಊಟ.

ಇಟ್ಟ ಜಾಗದ ಸ್ವಚ್ಛತೆಯನ್ನು ಮರೆಯಬೇಡಿ. ಬ್ರಿಟನ್ನಿನಲ್ಲಿ 2005ರ ನಂತರ ಹಸಿರು ಫಿಂಚ್ ಎಂಬ ಹಕ್ಕಿಗಳ ಸಂಖ್ಯೆ ವಿಪರೀತ ಕುಸಿಯಿತು. ಗಂಟಲಿನ ಒಂದು ರೋಗ ಆಹಾರ, ನೀರಿನ ಮೂಲಕ ಹಕ್ಕಿಯಿಂದ ಹಕ್ಕಿಗೆ ಹರಡಿದ್ದು ಅದಕ್ಕೆ ಕಾರಣ. ಜನ ಪ್ರೀತಿಯಿಂದ ಇಟ್ಟ ತಟ್ಟೆಗಳೂ ಅದಕ್ಕೆ ದಾರಿಯಾದವು. ಆದ್ದರಿಂದ ಒಂದು ದಿನಕ್ಕೆ ಮುಗಿಯುವಷ್ಟೇ ಇಡಿ, ಚಿಪ್ಪನ್ನು ವಾರಕ್ಕೊಮ್ಮೆ ಬದಲಿಸಿ. ರಾಶಿ ರಾಶಿ ಜೋಳ ಸುರಿದು ನೂರಾರು ಪಾರಿವಾಳ ಕೂಡಿಸುವುದನ್ನು ನಾನು ಹಕ್ಕಿಪ್ರೇಮವೆಂದು ಒಪ್ಪುವುದಿಲ್ಲ. ಅವುಗಳ ಹಿಕ್ಕೆಯ ಧೂಳು ಅಕ್ಕಪಕ್ಕದ ಮನೆಯ ಉಬ್ಬಸದವರಿಗೆ ಕಷ್ಟ ಕೊಡುತ್ತದೆ. ಗಿಳಿಯನ್ನು ಪಂಜರದಲ್ಲಿಟ್ಟು ಪೇರಲಹಣ್ಣು ತಿನ್ನಿಸುವುದೂ ಹಾಗೆಯೇ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮ ಕಾಡುಗಿಳಿಯನ್ನು ಸಾಕುವುದು ಅಪರಾಧವೆಂದು ಎಷ್ಟೋ ಮನೆಗಳಿಗೆ ಇನ್ನೂ ತಿಳಿದಿಲ್ಲ.

ಮಾಗಡಿ ಕೆರೆಯ ಅತಿಥಿಗಳು

ಕೊಬ್ಬು ಹಕ್ಕಿಗೆ ಏನೆಂದು ಮಕ್ಕಳಿಗೆ ತೋರಿಸಬೇಕೆಂದರೆ ಶಿರಹಟ್ಟಿ-ಲಕ್ಷ್ಮೇಶ್ವರದ ನಡುವಿನ ಮಾಗಡಿ ಕೆರೆಗೆ ಕರೆದೊಯ್ಯಿರಿ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಅಲ್ಲಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಬೀಡು ಬಿಟ್ಟಿರುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಈ ಹಕ್ಕಿಗಳು ಹಿಮಾಲಯವನ್ನು ದಾಟಿ ಬರುವುದು ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಇಂಧನವಾಗಿ ಉರಿಸಿಕೊಂಡು. ತಿರುಗಿ ಹೋಗಲೂ ಅಷ್ಟೇ ಕೊಬ್ಬು ಬೇಕು. ಅದನ್ನು ಅವು ಗಳಿಸುವುದು ನಮ್ಮ ರೈತರ ಹೊಲದಲ್ಲಿ. ಹಗಲು ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಹೋಗಿ ಶೇಂಗಾ, ಕಡಲೆ ಮೇಯುತ್ತವೆ. ನಾವು ಚಿಪ್ಪಿನಲ್ಲಿ ಇಡುವ ಶೇಂಗಾ ಉಂಡೆಯ ದೊಡ್ಡ ರೂಪವೇ ಅದು. ಅದರ ಖರ್ಚು ಮಾತ್ರ ಅಲ್ಲಿನ ರೈತನದು. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿಯೊಂದಿಗೆ ಮಾಗಡಿ ಕೆರೆ ಅಂತಾರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿದಾಗ ಎಲ್ಲರೂ ಸಂತೋಷಪಟ್ಟೆವು. ಬೆಳೆ ಕಳೆದುಕೊಳ್ಳುವವನ ಮನೆಯ ಲೆಕ್ಕವನ್ನೂ ಆ ಸಂತೋಷದಲ್ಲಿ ಸೇರಿಸಬೇಕಲ್ಲವೇ?

ಕೆರೆಗೆ ಹೋಗುವಾಗ ಚುರುಮುರಿ, ಬಿಸ್ಕತ್ತು, ಉಂಡೆ ಯಾವುದನ್ನೂ ಹಕ್ಕಿಗಳಿಗೆಂದು ಒಯ್ಯಬೇಡಿ. ಅಲ್ಲಿ ಎಸೆದ ತಿಂಡಿಯಿಂದ ನೀರು ಕೆಡುತ್ತದೆ ಅಷ್ಟೆ. ಬೆಳಗಿನ ಜಾವ ಹೋಗಿ, ಮಕ್ಕಳಿಗೆ ಗದ್ದಲ ಮಾಡದಂತೆ ಹೇಳಿ, ದಂಡೆಯಿಂದಲೇ ನೋಡಿ ಬನ್ನಿ.

ಮಾರ್ಚ್‌ಗೆ ಆ ಅತಿಥಿಗಳು ಹೊರಟುಹೋಗುತ್ತವೆ. ಆಗ ನಮ್ಮ ಅಂಗಳದ ಹಕ್ಕಿಗಳಿಗೆ ಉಂಡೆಗಿಂತ ನೀರು ಮುಖ್ಯ. ಮಾರ್ಚ್ 20ನ್ನು 2010ರಿಂದ ವಿಶ್ವ ಗುಬ್ಬಚ್ಚಿ ದಿನವೆಂದು ಆಚರಿಸಲಾಗುತ್ತಿದೆ. ಅದಕ್ಕೆ ಚಾಲನೆ ಕೊಟ್ಟವರು ನಾಸಿಕ್‌ನ ಮೊಹಮ್ಮದ್ ದಿಲಾವರ್. ಅಂದಿನಿಂದಲೇ ಶುರುಮಾಡಿ. ನಲ್ಲಿ ನೀರಿಗೆ ದಿನ ಎಣಿಸುವ ಗದಗ-ಬೆಟಗೇರಿಯ ಓಣಿಗಳಲ್ಲಿ ಇದು ಸಣ್ಣ ಮಾತಲ್ಲವೆಂದು ಬಲ್ಲೆ. ಆದರೆ ಬೇಕಾಗುವುದು ಒಂದು ಲೋಟ ನೀರು. ಅಗಲ ಬಾಯಿಯ ಮಣ್ಣಿನ ತಟ್ಟೆ, ಎರಡು ಬೆರಳು ಆಳ, ನಡುವೆ ಒಂದು ಕಲ್ಲು. ಸಣ್ಣ ಹಕ್ಕಿ ಅದರ ಮೇಲೆ ನಿಂತು ಕುಡಿಯುತ್ತದೆ. ನೆರಳಿನಲ್ಲಿಡಿ. ಪ್ರತಿದಿನ ಬೆಳಿಗ್ಗೆ ಹಳೆಯ ನೀರನ್ನು ಗಿಡಕ್ಕೆ ಚೆಲ್ಲಿ, ತಟ್ಟೆಯನ್ನು ತೆಂಗಿನ ನಾರಿನಿಂದ ತಿಕ್ಕಿ ಮತ್ತೆ ತುಂಬಿ. ಸೋಪು ಬೇಡ.