ಸೆವರ್ನ್ ನದಿಯ ಕಬ್ಬಿಣದ ಸೇತುವೆ

ಸೇತುವೆಯೆಂದರೆ ಕಲ್ಲಿನದು, ಇಲ್ಲವೆ ಮರದ್ದು ಎಂದೇ ಜನ ತಿಳಿದಿದ್ದ ಕಾಲವದು. ಇಂಗ್ಲೆಂಡಿನ ಶ್ರಾಪ್‌ಷೈರ್ ಸೀಮೆಯ ಕಣಿವೆಯೊಂದರಲ್ಲಿ 1779ರ ಬೇಸಗೆಯಲ್ಲಿ ಎರಕದ ಕಬ್ಬಿಣದ ಕಮಾನೊಂದು ಸೆವರ್ನ್ ನದಿಯ ಮೇಲೆ ಎದ್ದು ನಿಂತಿತು. ಎರಕದ ಕಬ್ಬಿಣದಿಂದ ಕಟ್ಟಿದ ಲೋಕದ ಮೊದಲ ದೊಡ್ಡ ಸೇತುವೆ ಇದೇ. 1781ರ ಹೊಸವರ್ಷದ ದಿನ ಅದು ಸಂಚಾರಕ್ಕೆ ತೆರೆಯಿತು. ಇಂಥದೊಂದು ಅದ್ಭುತ ರಾಜಧಾನಿಯಲ್ಲಿ ಹುಟ್ಟದೆ ಹಳ್ಳಿಗಾಡಿನಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. ಅಲ್ಲಿಯ ಕೋಲ್‌ಬ್ರೂಕ್‌ಡೇಲಿನಲ್ಲಿ ಒಂದನೆಯ ಅಬ್ರಹಾಂ ಡಾರ್ಬಿಯು 1709ರಷ್ಟು ಹಿಂದೆಯೇ ಮರದ ಇದ್ದಿಲಿಗೆ ಬದಲಾಗಿ ಕೋಕ್ ಉರಿಸಿ ಕಬ್ಬಿಣ ಕರಗಿಸಿದ್ದನು. ಸೇತುವೆಯನ್ನು ಕಟ್ಟಿಸಿದವನು ಅವನ ಮೊಮ್ಮಗ, ಮೂರನೆಯ ಡಾರ್ಬಿ.

ಸುಮಾರು 100 ಅಡಿ ಅಗಲದ ಈ ಕಮಾನಿಗೆ 378 ಟನ್ ಕಬ್ಬಿಣ ಹಿಡಿಯಿತು. ಕಬ್ಬಿಣದಲ್ಲಿ ಸೇತುವೆ ಕಟ್ಟುವ ವಿದ್ಯೆ ಆಗಿನ್ನೂ ಇರಲಿಲ್ಲವಾದ್ದರಿಂದ ಅವರು ಬಡಗಿಯ ವಿದ್ಯೆಯನ್ನೇ ನೆಚ್ಚಿದರು. ಒಂದು ತುಂಡಿನ ಮೊನೆಯನ್ನು ಇನ್ನೊಂದರ ತೂತಿಗೆ ತೂರಿಸಿ, ಬೆಣೆ ಬಡಿದು ಬಿಗಿದರು. ಇಷ್ಟು ಭಾರವನ್ನು ಎತ್ತಿ ಕೂಡಿಸಿದ ಬಗೆ ಬಹುಕಾಲ ಒಗಟಾಗಿತ್ತು. ಕಟ್ಟುತ್ತಿರುವಾಗಲೇ ಸ್ವೀಡನ್ನಿನ ಚಿತ್ರಕಾರ ಇಲಿಯಾಸ್ ಮಾರ್ಟಿನ್ ಬರೆದ ಜಲವರ್ಣಚಿತ್ರವೊಂದು 1997ರಲ್ಲಿ ಸ್ಟಾಕ್‌ಹೋಮಿನಲ್ಲಿ ದೊರೆತ ಮೇಲೆ, ನದಿಯಲ್ಲಿ ನಿಲ್ಲಿಸಿದ್ದ ಮರದ ಅಟ್ಟಣೆ ಕಣ್ಣಿಗೆ ಕಂಡಿತು.

ಅಂದಾಜು ಮೀರಿದ ಖರ್ಚನ್ನು ಡಾರ್ಬಿ ತಾನೇ ಹೊತ್ತನು. 1789ರಲ್ಲಿ ತೀರಿಕೊಳ್ಳುವವರೆಗೂ ಆ ಸಾಲ ಅವನನ್ನು ಬಿಡಲಿಲ್ಲ. ಇತ್ತ ದಾಟುವವರಿಗೆಲ್ಲ ಸುಂಕ. ರಾಜಮನೆತನದವರೂ ಕೊಡತಕ್ಕದ್ದೆಂದು ಸುಂಕದ ಕಟ್ಟೆಯ ಫಲಕ ಸಾರುತ್ತಿತ್ತು! ಈ ನಿರ್ಭಿಡೆ ನಮಗಂತೂ ಮೆಚ್ಚಿಗೆಯಾಯಿತು.

1795ರ ಮಹಾಪೂರ ಆ ನದಿಯ ಅನೇಕ ಸೇತುವೆಗಳನ್ನು ಕೆಡಿಸಿತು, ಇದು ಅಲುಗಲಿಲ್ಲ. ಇದರ ನಿಜವಾದ ವೈರಿ ನೀರಲ್ಲ, ನೆಲ. ಕಣಿವೆಯ ದಡಗಳು ಮೆಲ್ಲಮೆಲ್ಲನೆ ಒಳಕ್ಕೆ ಸರಿಯುತ್ತ ಕಮಾನನ್ನು ಒತ್ತುತ್ತಿದ್ದವು. ಕಬ್ಬಿಣ ಅಲ್ಲಲ್ಲಿ ಬಿರಿಯಿತು. 1934ರಲ್ಲಿ ವಾಹನಗಳನ್ನು ತಡೆದು ಸೇತುವೆಯನ್ನು ರಕ್ಷಿತ ಸ್ಮಾರಕವೆಂದು ಸಾರಿದರು. ಪಾದಚಾರಿಗಳ ಸುಂಕ ಮಾತ್ರ 1950ರವರೆಗೆ ನಡೆಯಿತು. 1970ರ ದಶಕದಲ್ಲಿ ನದಿಯ ತಳದಲ್ಲಿಯೇ ಕಾಂಕ್ರೀಟಿನ ತಲೆಕೆಳಗಾದ ಕಮಾನೊಂದನ್ನು ಹೂಡಿ, ಎರಡು ದಡಗಳೂ ಒತ್ತಿಬಾರದಂತೆ ತಡೆದರು. ಕಾಣುವ ಕಮಾನನ್ನು ಉಳಿಸಿದುದು ಈ ಕಾಣದ ಕಮಾನು. 1986ರಲ್ಲಿ ಇಡೀ ಕಣಿವೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

2017-18ರಲ್ಲಿ ‘ಇಂಗ್ಲಿಷ್ ಹೆರಿಟೇಜ್’ ಸಂಸ್ಥೆ ಇದನ್ನು ಮತ್ತೊಮ್ಮೆ ದುರಸ್ತಿಮಾಡಿತು. ಹಳೆಯ ಬಣ್ಣದ ಪದರಗಳನ್ನು ಪರೀಕ್ಷಿಸಿದಾಗ ಮೊದಲ ಬಣ್ಣ ಕಡುಗೆಂಪು ಮಿಶ್ರಿತ ಕಂದೆಂದು ತಿಳಿಯಿತು. ಬೂದುಬಣ್ಣದ ಸೇತುವೆಯನ್ನೇ ಕಂಡು ಬೆಳೆದಿದ್ದ ಊರಿನವರ ಎದುರಿಗೆ ಅದು ಈಗ ಆ ಹಳೆಯ ಕೆಂಪಿನಲ್ಲಿ ನಿಂತಿದೆ.