ಕಪಾಲದೊಳಗಿನ ಒತ್ತಡ ಮತ್ತು ಅದರ ಮಾಪನ

ತಲೆಗೆ ಬಲವಾದ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ ರೋಗಿಯು ತನ್ನ ಬಾಧೆಯನ್ನು ತಾನೇ ಹೇಳಿಕೊಳ್ಳಲಾರನು. ಅವನ ಕಪಾಲದೊಳಗೆ ನಡೆಯುತ್ತಿರುವುದನ್ನು ವೈದ್ಯನು ಹೊರಗಣ ಚಿಹ್ನೆಗಳಿಂದ ಊಹಿಸಬೇಕಾಗುತ್ತದೆ. ಕಣ್ಣಿನ ಪಾಪೆ ಹಿಗ್ಗುವುದು, ನಾಡಿ ನಿಧಾನವಾಗುವುದು, ರಕ್ತದ ಒತ್ತಡ ಏರುವುದು ಮುಂತಾದ ಆ ಚಿಹ್ನೆಗಳಾದರೋ ಬಹುಮಟ್ಟಿಗೆ ತಡವಾಗಿಯೇ ತೋರುತ್ತವೆ. ಆದುದರಿಂದ ಒಳಗಿನ ಒತ್ತಡವನ್ನು ನೇರವಾಗಿ ಅಳೆಯುವ ವಿಧಾನಗಳು ಬಳಕೆಗೆ ಬಂದುವು. ಅವುಗಳ ತತ್ತ್ವವೇನು, ಪ್ರಯೋಜನವೆಷ್ಟು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ವಯಸ್ಕರ ಕಪಾಲವು ಹಿಗ್ಗದ ಎಲುಬಿನ ಪೆಟ್ಟಿಗೆ. ಅದರೊಳಗೆ ನೂರಕ್ಕೆ ಸುಮಾರು 80 ಪಾಲು ಮಿದುಳು. ಉಳಿದುದು ರಕ್ತ ಮತ್ತು ಮಿದುಳು-ಬೆನ್ನುಹುರಿಗಳ ದ್ರವ. ಇವುಗಳಲ್ಲಿ ಒಂದು ಹೆಚ್ಚಿದರೆ ಮತ್ತೊಂದು ತಗ್ಗಬೇಕು. 1783ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೊ ಸೂಚಿಸಿ, 1824ರಲ್ಲಿ ಜಾರ್ಜ್ ಕೆಲಿ ಸಮರ್ಥಿಸಿದ ವಿಚಾರವೇ ಈ ತತ್ತ್ವಕ್ಕೆ ಮೂಲ. ರಕ್ತ ಹೆಪ್ಪುಗಟ್ಟಿಯೋ ಮಿದುಳು ಬಾತುಕೊಂಡೋ ಒಳಗಿನ ಗಾತ್ರ ಹೆಚ್ಚತೊಡಗಿದಾಗ, ಮೊದಲು ಸ್ವಲ್ಪ ದ್ರವವು ಬೆನ್ನುಹುರಿಯ ಕಡೆಗೆ ಸರಿಯುತ್ತದೆ. ಸಿರೆಗಳ ರಕ್ತವೂ ಹೊರಸಾಗುತ್ತದೆ. ಅಲ್ಲಿಯವರೆಗೆ ಒತ್ತಡವು ಹೆಚ್ಚು ಏರದು. ಈ ಅವಕಾಶ ಮುಗಿದ ಮೇಲೆ ಗಾತ್ರವು ಅಲ್ಪವಾಗಿ ಹೆಚ್ಚಿದರೂ ಒತ್ತಡವು ಕಡಿದಾಗಿ ಏರುತ್ತದೆ.

ಮಲಗಿರುವ ಆರೋಗ್ಯವಂತ ವಯಸ್ಕನಲ್ಲಿ ಈ ಒತ್ತಡವು ಸಾಮಾನ್ಯವಾಗಿ ಪಾದರಸದ 7ರಿಂದ 15 ಮಿಲಿಮೀಟರು. ಅಪಧಮನಿಗಳ ಸರಾಸರಿ ರಕ್ತದೊತ್ತಡದಲ್ಲಿ ಇದನ್ನು ಕಳೆದರೆ, ಮಿದುಳಿಗೆ ರಕ್ತವನ್ನು ಹರಿಸುವ ಒತ್ತಡವು ದೊರೆಯುತ್ತದೆ. ರಕ್ತದೊತ್ತಡ 80 ಇದ್ದು ಕಪಾಲದ ಒತ್ತಡ 10 ಇದ್ದರೆ ಉಳಿಯುವುದು 70. ಅದೇ 40ಕ್ಕೆ ಏರಿದರೆ ಉಳಿಯುವುದು 40 ಮಾತ್ರ. ಮಿದುಳು ರಕ್ತವಿಲ್ಲದೆ ಬಳಲುವ ಅಪಾಯವು ಇದರಿಂದ ಸ್ಪಷ್ಟವಾಗುತ್ತದೆ.

1960ರಲ್ಲಿ ಸ್ವೀಡನ್ನಿನ ನಿಲ್ಸ್ ಲುಂಡ್‌ಬರ್ಗ್ ಮಿದುಳಿನ ಕುಹರದಲ್ಲಿ ಕೊಳವೆಯಿಟ್ಟು, ಒತ್ತಡವನ್ನು ಎಡೆಬಿಡದೆ ದಾಖಲಿಸಿದ ಫಲಿತಾಂಶಗಳನ್ನು ಪ್ರಕಟಿಸಿದನು. ಒತ್ತಡವು ಒಮ್ಮೆಗೇ 50 ಅಥವಾ ಅದಕ್ಕೂ ಮೇಲೇರಿ, ಹಲವು ನಿಮಿಷ ಸಮತಟ್ಟಾಗಿ ನಿಂತು, ಮತ್ತೆ ಇಳಿಯುವ ಅಲೆಗಳು ಅವುಗಳಲ್ಲಿ ಕಂಡುವು. ಒಂದು ಸಲದ ಅಳತೆಯನ್ನು ನೆಚ್ಚಲಾಗದೆಂಬುದು ಇದರಿಂದ ವಿದಿತವಾಯಿತು. ಕುಹರದ ಕೊಳವೆಯು ಇಂದಿಗೂ ಬಳಕೆಯಲ್ಲಿದೆ. ಒತ್ತಡವನ್ನು ಅಳೆಯುವುದಲ್ಲದೆ ದ್ರವವನ್ನು ಹೊರಹರಿಸಿ ತಗ್ಗಿಸುವುದೂ ಅದರಿಂದ ಸಾಧ್ಯ. ಮಿದುಳಿನ ಅಂಗಾಂಶದಲ್ಲೇ ಇಡುವ ಸಣ್ಣ ಸಂವೇದಕಗಳೂ ಇವೆ. ಆದರೆ ಸೋಂಕು ಮತ್ತು ರಕ್ತಸ್ರಾವದ ಭಯವು ಇವುಗಳೊಡನೆ ಇದ್ದೇ ಇದೆ.

ಹಾಗಾದರೆ ಅಳತೆಯಿಂದ ರೋಗಿಯು ಬದುಕುವನೆ? ಬೊಲಿವಿಯ ಮತ್ತು ಎಕ್ವಡಾರ್ ದೇಶಗಳಲ್ಲಿ ತಲೆಗೆ ತೀವ್ರ ಪೆಟ್ಟಾದ 324 ರೋಗಿಗಳ ಮೇಲೆ ನಡೆದು, 2012ರಲ್ಲಿ ಪ್ರಕಟವಾದ ಪರೀಕ್ಷೆಯು ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಒಂದು ಗುಂಪಿಗೆ ಅಳತೆಯನ್ನು ಅನುಸರಿಸಿ, ಇನ್ನೊಂದಕ್ಕೆ ದೇಹಪರೀಕ್ಷೆ ಹಾಗೂ ಮಿದುಳಿನ ಚಿತ್ರಗಳನ್ನು ಅನುಸರಿಸಿ ಚಿಕಿತ್ಸೆ ನಡೆಯಿತು. ಪರಿಣಾಮದಲ್ಲಿ ಗಣನೀಯ ಭೇದವು ಕಾಣಲಿಲ್ಲ. ಇದರಿಂದ ಮಾಪನವು ವ್ಯರ್ಥವೆಂದು ತಿಳಿಯಲಾಗದು. ಎರಡು ಗುಂಪುಗಳಿಗೂ ಎಚ್ಚರದ ಚಿಕಿತ್ಸೆಯು ದೊರೆತಿತ್ತೆಂಬುದನ್ನು ನಾವು ಮರೆಯಬಾರದು. 2016ರ ಅಮೆರಿಕದ ಮಾರ್ಗಸೂಚಿಯು ಒತ್ತಡವು 22ನ್ನು ಮೀರಿದರೆ ಚಿಕಿತ್ಸೆ ಬೇಕೆಂದು ಸೂಚಿಸಿದರೂ, ಆ ಅಂಕಿಯೊಂದನ್ನೇ ನೆಚ್ಚಬೇಕೆಂದು ಹೇಳಿಲ್ಲ. ಮಾಪಕವು ತೋರಿಸುವುದು ಸಂಖ್ಯೆಯನ್ನು. ಅದರ ಅರ್ಥವನ್ನು ರೋಗಿಯ ಬಳಿ ನಿಂತ ವೈದ್ಯನೇ ಕಾಣಬೇಕು.