ಮಾಳಿಗೆ ಸೋರುವ ಮುನ್ನ

ಮದ್ದಿಕೇರ ಎಂಬ ಊರಿನ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಗುಂತಕಲ್ಲಿನಿಂದ ಡೋಣ್ ಕಡೆಗೆ ಹೋಗುವ ರೈಲುದಾರಿಯಲ್ಲಿ ಸಿಗುವ, ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಊರದು. ದಸರೆಯ ಕುದುರೆ ಓಟಕ್ಕೆ ಹೆಸರಾದುದು. ಆ ಕಡೆಯ ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. 1956ರಲ್ಲಿ ನಮ್ಮ ಕಾಸರಗೋಡಿಗೆ ಒದಗಿದ ಗತಿ ಅಲ್ಲಿಯ ಕನ್ನಡ ಮನೆಗಳಿಗೆ ಮೂರು ವರ್ಷ ಮೊದಲೇ ಒದಗಿತ್ತು. ಆ ಮಾತು ಇಲ್ಲಿ ಬೇಡ. ಹೇಳಹೊರಟಿರುವುದು ಅಲ್ಲಿಯ ಮನೆಗಳ ಮಾಳಿಗೆಯ ವಿಚಾರ.

ನಮ್ಮಲ್ಲಿ ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ. ಆದುದರಿಂದಲೇ ನಮ್ಮ ಹಿರಿಯರು ಮಾಡನ್ನು ಇಳಿಜಾರಾಗಿ ಕಟ್ಟಿದರು. ಆ ಸೀಮೆಯಲ್ಲಿ ಬೀಳುವುದು ಇದರ ಐದರಲ್ಲೊಂದು ಪಾಲಿನಷ್ಟು. ಹಾಗಾಗಿ ಅಲ್ಲಿಯ ಹಳೆಯ ಮನೆಗಳಿಗೆ ಚಪ್ಪಟೆ ಮಾಳಿಗೆ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಟ್ಟಿಗೆಯ ಚಕ್ಕೆ ಅಥವಾ ಕಲ್ಲಿನ ಚಪ್ಪಡಿ, ಎಲ್ಲಕ್ಕೂ ಮೇಲೆ ದಪ್ಪನೆಯ ಮಣ್ಣು. ಈ ಮಣ್ಣಿನ ಮೇಲ್ಪದರಕ್ಕೆ ಚೌಳುಮಣ್ಣೇ ಆಗಬೇಕು. ಹಿಂದೆ ಅಗಸರು ಬಟ್ಟೆ ತೊಳೆಯಲು ಬಳಸುತ್ತಿದ್ದ, ಬೆಳೆ ಬಾರದ ಆ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ತಗಲಿದೊಡನೆ ಅದರ ನುಣ್ಣನೆಯ ಕಣಗಳು ಬಿಡಿಸಿಕೊಂಡು ಹಬ್ಬಿ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲಕ್ಕೆ ಶಾಪವಾದುದು ಮಾಳಿಗೆಗೆ ವರ!

ಒಂದು ಜೋರು ಮಳೆಯನ್ನು ಈ ಮಾಳಿಗೆ ತಡೆಯುತ್ತದೆ. ತಡೆಯಲಾರದ್ದು ಮೂರು ನಾಲ್ಕು ದಿನ ಬಿಡದೆ ಹಿಡಿಯುವ ಜಡಿಮಳೆಯನ್ನು. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆಯ ಮೇಲೆ ಒಂದಿಂಚು ಮಳೆ ಬಿದ್ದರೆ ಹತ್ತು ಘನ ಅಡಿ ನೀರಾಯಿತು. ಸುಮಾರು 280 ಕಿಲೋ. ಇದು ಹರಿದುಹೋಗದೆ ಮಣ್ಣು ಹೀರಿಕೊಂಡರೆ, ಮೊದಲೇ ಐದು ಟನ್ನಿನಷ್ಟು ಮಣ್ಣು ಹೊತ್ತ ಹಳೆಯ ತೊಲೆಯ ಪಾಡೇನು? 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ತುಂಗಭದ್ರೆ ಉಕ್ಕಿ ಮಂತ್ರಾಲಯ, ಕರ್ನೂಲು ಮುಳುಗಿದ್ದು ಎಲ್ಲರೂ ಬಲ್ಲರು. ಅದೇ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳ ಗೋಡೆ, ಮಾಳಿಗೆ ಕುಸಿದು ಸತ್ತವರು ಹಲವರು.

ಇಂಥ ಮಾಳಿಗೆ ಹೇಳದೆ ಕೇಳದೆ ಬೀಳುವುದು ಅಪರೂಪ. ಮೊದಲು ಜಂತೆಗಳ ಸಂದಿನಿಂದ ಹುಡಿಮಣ್ಣು ಉದುರುತ್ತದೆ. ಗುಡಿಸಿದ ನೆಲ ಸಂಜೆಗೆ ಮತ್ತೆ ಮಣ್ಣಾಗುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ಬಣ್ಣ ಕಪ್ಪಾಗಿ ಗೆದ್ದಲಿನ ಗೆರೆ ಏರುತ್ತದೆ. ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಮೇಲೆ ಹಿಡಿಯುತ್ತದೆ. ಮರ ನೀರು ಕುಡಿದು ಉಬ್ಬಿರಲೂ ಬಹುದು. ಮೇಲಿನ ಭಾರ ಇಳಿಯುತ್ತಿರಲೂ ಬಹುದು. ಮಾಳಿಗೆಯ ಮೇಲೆ ಹುಲ್ಲು ಬೆಳೆದಿದ್ದರೆ ಅದರ ಬೇರಿನ ಜಾಡಿನಲ್ಲೇ ನೀರು ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಹುಲ್ಲು ಕಿತ್ತು, ನೀರು ಹೊರಗೆ ಬೀಳುವ ದೋಣಿಯ ಬಾಯಿ ಬಿಡಿಸಿ, ಹೊಸ ಚೌಳು ಹರಡುವ ವಾಡಿಕೆ ಅದಕ್ಕಾಗಿಯೇ. ಸೋರತೊಡಗಿದ ಮೇಲೆ ಮಳೆಯಲ್ಲೇ ಹತ್ತಿ ಬುಟ್ಟಿಗಟ್ಟಲೆ ಮಣ್ಣು ಸುರಿಯುವವರಿದ್ದಾರೆ. ಅದು ಮದ್ದಲ್ಲ, ಇನ್ನಷ್ಟು ಭಾರ.

ನಮ್ಮ ಹಂಚಿನ ಮನೆಯ ಕಥೆ ಸುಲಭ. ಒಡೆದ ಹಂಚನ್ನು ಹಗಲು ಬೆಳಕೇ ತೋರಿಸಿಕೊಡುತ್ತದೆ. ಕುಂಬಾದ ಪಕ್ಕಾಸನ್ನು ಮಾತ್ರ ಚೂರಿಯ ಮೊನೆಯಿಂದ ಚುಚ್ಚಿ ನೋಡಬೇಕು.

ಕಷ್ಟವಿರುವುದು ಈಗ ಎಲ್ಲೆಲ್ಲೂ ಎದ್ದಿರುವ ತಾರಸಿ ಮನೆಗಳಲ್ಲಿ. ಮದ್ದಿಕೇರದ ಚಪ್ಪಟೆ ಮಾಳಿಗೆಯನ್ನೇ ಸಿಮೆಂಟಿನಲ್ಲಿ ಎರಕ ಹೊಯ್ದು ಐದು ಪಾಲು ಮಳೆಗೆ ಒಡ್ಡಿದಂತಾಯಿತು. ಇಲ್ಲಿ ನೀರು ಹೊಕ್ಕಲ್ಲಿ ತೊಟ್ಟಿಕ್ಕುವುದಿಲ್ಲ. ಒಳಗೊಳಗೇ ಹರಿದು ಬೇರೆಲ್ಲೋ ಕಾಣಿಸಿಕೊಳ್ಳುತ್ತದೆ. ಸುಣ್ಣಬಣ್ಣ ಗುಳ್ಳೆಯೆದ್ದು ಬಿಳಿಯ ಉಪ್ಪು ಮೂಡಿದರೆ ನೀರು ಓಡಾಡುತ್ತಿದೆಯೆಂದು ತಿಳಿಯಿರಿ. ಕೆಂಗಂದು ಗೆರೆ ಬಂದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿರುವ ಸಂಶಯಪಡಬೇಕು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಕೋಲಿನಿಂದ ಮೆಲ್ಲನೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅದರಡಿ ಮಕ್ಕಳ ಹಾಸಿಗೆ ಬೇಡ. ತಿಳಿದ ಇಂಜಿನಿಯರರನ್ನೋ ಮೇಸ್ತ್ರಿಯನ್ನೋ ಕರೆದು ತೋರಿಸಿ. ಮೇಲೆ ಬಣ್ಣ ಬಳಿದರೆ ಕಲೆ ಮರೆಯಾದೀತು, ತುಕ್ಕು ನಿಲ್ಲದು. ಪಸೆ ಸ್ವಿಚ್ ಬೋರ್ಡಿನ ಬಳಿ ಬಂದಿದ್ದರೆ ಮೈನ್ ಆರಿಸಿ ವಯರಿಂಗಿನವರು ಬರುವ ತನಕ ಆ ಕಡೆ ಕೈ ಹಾಕಬೇಡಿ.

ಒಂದು ಖರ್ಚಿಲ್ಲದ ಉಪಾಯವಿದೆ. ಪಸೆಯ ಕಲೆ ಕಂಡ ದಿನವೇ ಅದರ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆದಿಡಿ. ಮುಂದಿನ ಮಳೆ ಕಳೆದ ಮೇಲೆ ನೋಡಿ. ಕಲೆ ಗೆರೆಯನ್ನು ದಾಟಿದ್ದರೆ, ಕೆಲಸದವರನ್ನು ಬೇಸಗೆಗೆಂದು ಕಾಯದೆ ಆ ವಾರವೇ ಕರೆಸಬೇಕು.